ಗ್ರ್ಯಾಂಡ್ ಡಿಟೂರ್ ಊರಿನ ಕಮ್ಮಾರ

ಜಾನ್ ಡೀರ್ ಅಂದ ತಕ್ಷಣ ನಮಗೆ ನೆನಪಾಗೋದು ಹಸಿರು ಮೈ, ಹಳದಿ ಚಕ್ರದ ಟ್ರ್ಯಾಕ್ಟರ್. ರಜೆಗೆ ಊರಿಗೆ ಹೋಗುವಾಗ ಬಸ್ಸಿನ ಮುಂದೆ ಕಬ್ಬಿನ ಲೋಡ್ ಎಳೆದುಕೊಂಡು ನಿಧಾನಕ್ಕೆ ಹೋಗ್ತಾ ಇರುತ್ತಲ್ಲ, ಅದೇ. ಅದು ಕಂಪನಿಯ ಹೆಸರು ಅಂತ ಎಲ್ಲರಿಗೂ ಗೊತ್ತು. ಒಬ್ಬ ಮನುಷ್ಯನ ಹೆಸರೂ ಹೌದು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ತಮಾಷೆ ಏನಂದ್ರೆ, ಆ ಮನುಷ್ಯ ತನ್ನ ಜೀವಮಾನದಲ್ಲಿ ಒಂದೇ ಒಂದು ಟ್ರ್ಯಾಕ್ಟರನ್ನೂ ಮಾಡಿದವನಲ್ಲ. ಆತ ತೀರಿಕೊಂಡದ್ದು 1886ರಲ್ಲಿ. ಆತನ ಹೆಸರಿನ ಕಂಪನಿ ಅಯೋವಾ ರಾಜ್ಯದ ವಾಟರ್‌ಲೂ ಎಂಬಲ್ಲಿದ್ದ ಎಂಜಿನ್ ಕಾರ್ಖಾನೆಯೊಂದನ್ನು ಕೊಂಡು, ಟ್ರ್ಯಾಕ್ಟರ್ ವ್ಯಾಪಾರಕ್ಕೆ ದೊಡ್ಡದಾಗಿ ಇಳಿದದ್ದು 1918ರಲ್ಲಿ.

ಜಾನ್ ಡೀರ್ ಒಬ್ಬ ಕಮ್ಮಾರ. ಕುಲುಮೆ, ತಿದಿ, ಸುತ್ತಿಗೆ, ಅಡಿಗಲ್ಲು, ಇಷ್ಟೇ ಆತನ ವರ್ಕ್‌ಶಾಪ್. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆತ ಮಾಡಿದ್ದು ನೇಗಿಲು. ಅದನ್ನು ಮಾಡಿದ್ದು ನ್ಯೂಯಾರ್ಕಿನಂಥ ನಗರದಲ್ಲೂ ಅಲ್ಲ. ಅಮೆರಿಕದ ನಡು-ಪಶ್ಚಿಮ ಭಾಗದ ಇಲಿನಾಯ್ ರಾಜ್ಯದಲ್ಲಿ, ಓಗಲ್ ಕೌಂಟಿಯ ಗ್ರ್ಯಾಂಡ್ ಡಿಟೂರ್ ಅನ್ನೋ ಪುಟ್ಟ ಹಳ್ಳಿಯಲ್ಲಿ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ. ಇದು ಆ ಕಮ್ಮಾರನ ಕಥೆ. ಅಷ್ಟೇ ಮಟ್ಟಿಗೆ ಆ ಹಳ್ಳಿಯ ಕಥೆ ಕೂಡ. ಆತ ಅಂಥ ಊರಲ್ಲಿ ಇರದೇ ಹೋಗಿದ್ದರೆ ಆ ನೇಗಿಲೂ ಹುಟ್ಟುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತೆ. ಯಾಕೆ ಅಂತ ಮುಂದೆ ನೋಡೋಣ.

ಸಾಲದ ಜೊತೆ ಬಂದವನು

ಜಾನ್ ಡೀರ್ ಹುಟ್ಟಿದ್ದು 1804ರ ಫೆಬ್ರವರಿ 7ರಂದು, ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ ರಟ್ಲೆಂಡ್‌ನಲ್ಲಿ. ಅಪ್ಪ ದರ್ಜಿ. ಮಗನಿಗೆ ನಾಲ್ಕು ವರ್ಷ ಆಗಿದ್ದಾಗ, 1808ರಲ್ಲಿ, ಅಪ್ಪ ಇಂಗ್ಲೆಂಡಿಗೆ ಅಂತ ಹಡಗು ಹತ್ತಿದ. ಆಮೇಲೆ ಆತನ ಸುದ್ದಿಯೇ ಬರಲಿಲ್ಲ. ಮನೆ ತುಂಬ ಮಕ್ಕಳು. ಅವರನ್ನು ಸಾಕಿದ್ದು ತಾಯಿ ಸಾರಾ.

ಹುಡುಗ ಜಾನ್ ಅಪ್ಪನ ಅಂಗಡಿಯ ಸೂಜಿಗಳನ್ನು ಮರಳಲ್ಲಿ ಉಜ್ಜಿ ಹೊಳಪು ಮಾಡ್ತಿದ್ದ, ಮುಂದೆ ನೇಗಿಲಿಗೆ ಅದೇ ಪಾಠ ಆಯ್ತು ಅಂತ ಒಂದು ಕಥೆ ಚಾಲ್ತಿಯಲ್ಲಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಅಪ್ಪ ಮನೆ ಬಿಟ್ಟಾಗ ಹುಡುಗನ ವಯಸ್ಸು ಎಷ್ಟು ಅಂತ ಲೆಕ್ಕ ಹಾಕಿದರೆ, ಆ ಕಥೆಯನ್ನು ಎಷ್ಟು ನಂಬಬೇಕು ಅಂತ ನೀವೇ ತೀರ್ಮಾನಿಸಬಹುದು. ಹೊಳಪಿನ ಪಾಠ ಆತ ನಿಜವಾಗಿ ಕಲಿತದ್ದು ಕುಲುಮೆಯಲ್ಲಿ. 1821ರಲ್ಲಿ, 17ನೇ ವಯಸ್ಸಿಗೆ, ಮಿಡಲ್‌ಬರಿ ಊರಿನ ಕಮ್ಮಾರನೊಬ್ಬನ ಬಳಿ ನಾಲ್ಕು ವರ್ಷದ ಕರಾರಿಗೆ ಕೆಲಸ ಕಲಿಯೋಕೆ ಸೇರಿದ. ಆಮೇಲೆ ಸ್ವತಂತ್ರವಾಗಿ ಕೆಲಸ ಶುರು ಮಾಡಿದಾಗ, ಆತ ಮಾಡಿದ ಹುಲ್ಲಿನ ಕವೆಗೋಲು, ಸಲಿಕೆಗಳಿಗೆ ಸುತ್ತಮುತ್ತ ಒಳ್ಳೆ ಹೆಸರು ಬಂತು. ಅವುಗಳ ಮೈ ನುಣುಪಾಗಿರುತ್ತಿತ್ತು. ಹುಲ್ಲಾಗಲಿ ಗೊಬ್ಬರವಾಗಲಿ ಸಲೀಸಾಗಿ ಜಾರಿ ಹೋಗ್ತಿತ್ತು.

ಕೆಲಸ ಚೆನ್ನಾಗಿದ್ದರೆ ಬದುಕು ಚೆನ್ನಾಗಿರುತ್ತೆ ಅಂತ ಏನಿಲ್ಲವಲ್ಲ. 1827ರಲ್ಲಿ ಡಿಮೇರಿಯಸ್ ಲ್ಯಾಂಬ್ ಜೊತೆ ಮದುವೆ ಆಯ್ತು, ಒಬ್ಬರ ಹಿಂದೊಬ್ಬರು ಮಕ್ಕಳಾದರು. ಸಾಲ ಮಾಡಿ ಕುಲುಮೆ ಕಟ್ಟಿಸಿದ, ಬೆಂಕಿ ಬಿತ್ತು. ಮತ್ತೆ ಕಟ್ಟಿಸಿದ, ಮತ್ತೆ ಬೆಂಕಿ. ಸಾಲ ಕುತ್ತಿಗೆಗೆ ಬಂತು. ಅದೇ ಹೊತ್ತಿಗೆ ವರ್ಮಾಂಟ್‌ನ ಎಷ್ಟೋ ಜನ ಪಶ್ಚಿಮಕ್ಕೆ ಗುಳೆ ಹೊರಟಿದ್ದರು. ಆ ಕಡೆ ಫಲವತ್ತಾದ ಭೂಮಿ ಇದೆ, ಕೈಕಸುಬು ಗೊತ್ತಿದ್ದವರಿಗೆ ಕೆಲಸ ಇದೆ ಅನ್ನೋ ಸುದ್ದಿ ಹಬ್ಬಿತ್ತು. 1836ರಲ್ಲಿ ಡೀರ್ ಕೂಡ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ಸಲಕರಣೆಗಳ ಗಂಟು ಕಟ್ಟಿಕೊಂಡು ಹೊರಟ. ಜೇಬಲ್ಲಿ ಇದ್ದದ್ದು ಸುಮಾರು 73 ಡಾಲರ್ ಅಂತ ಹೇಳ್ತಾರೆ. ಆಗ ಹೆಂಡತಿ ಬಸುರಿ. ಮಗ ಚಾರ್ಲ್ಸ್ ಹುಟ್ಟಿದ್ದು 1837ರ ಮಾರ್ಚ್‌ನಲ್ಲಿ, ಅಪ್ಪ ದೂರದಲ್ಲಿದ್ದಾಗ. ಇಡೀ ಸಂಸಾರ ಒಂದೆಡೆ ಸೇರಿದ್ದು 1838ರಲ್ಲಿ.

ನದಿ ತಿರುಗುವ ಊರು

ಇಲಿನಾಯ್‌ನ ಉತ್ತರ ಭಾಗದಲ್ಲಿ ರಾಕ್ ಅಂತ ಒಂದು ನದಿ ಹರಿಯುತ್ತೆ. ಒಂದು ಕಡೆ ಅದು ದೊಡ್ಡದಾಗಿ ಬಳಸಿಕೊಂಡು ತಿರುಗುತ್ತೆ. ಫ್ರೆಂಚರ ಕಾಲದಿಂದ ಆ ತಿರುವಿಗೆ ಗ್ರ್ಯಾಂಡ್ ಡಿಟೂರ್, ಅಂದ್ರೆ ದೊಡ್ಡ ಬಳಸುದಾರಿ, ಅನ್ನೋ ಹೆಸರು. ವರ್ಮಾಂಟ್‌ನಿಂದಲೇ ಬಂದಿದ್ದ ಲೆನರ್ಡ್ ಆಂಡ್ರಸ್ ಎಂಬಾತ ಡೀರ್‌ಗಿಂತ ಒಂದೆರಡು ವರ್ಷ ಮೊದಲು ಅಲ್ಲಿ ನೆಲೆ ನಿಂತು ಊರು ಕಟ್ಟೋಕೆ ಶುರು ಮಾಡಿದ್ದ. ನದಿ ನೀರಿನಿಂದ ಓಡುವ ಮರ ಕೊಯ್ಯುವ ಮಿಲ್ಲು, ಕೆಲವು ಮರದ ಮನೆಗಳು, ಸುತ್ತ ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು. ಓಗಲ್ ಕೌಂಟಿ ಅಂತ ರಚನೆ ಆಗಿದ್ದೂ ಅದೇ 1836ರಲ್ಲಿ. ಹೊಸ ಊರು, ಹೊಸ ಕೌಂಟಿ, ಆದರೆ ಜನ ಮಾತ್ರ ಹಳೇ ಪರಿಚಯದ ಕಡೆಯವರು. ವರ್ಮಾಂಟ್‌ನವರು ಅಲ್ಲಿ ತಮ್ಮ ಹಳೇ ಊರಿನ ಮಾದರಿಯಲ್ಲೇ ಮನೆ ಕಟ್ಟಿಕೊಂಡರು.

ಇಂಥ ಊರಲ್ಲಿ ಕಮ್ಮಾರ ಅಂದ್ರೆ ಸುಮ್ನೆ ಅಲ್ಲ. ಡೀರ್ ಬಂದಾಗ ಮಿಲ್ಲಿನ ಒಂದು ಶಾಫ್ಟ್ ಮುರಿದು ಕೆಲಸ ನಿಂತಿತ್ತಂತೆ. ಬಂದ ಎರಡೇ ದಿನದಲ್ಲಿ ಕಲ್ಲು ಜೋಡಿಸಿ ಕುಲುಮೆ ಹೂಡಿ ಅದನ್ನು ರಿಪೇರಿ ಮಾಡಿಕೊಟ್ಟ ಅಂತ ಹೇಳ್ತಾರೆ. ಅಲ್ಲಿಂದ ಕೈಗೆ ಬಿಡುವಿಲ್ಲ. ಕುದುರೆಗೆ ಲಾಳ, ಗಾಡಿ ಚಕ್ರಕ್ಕೆ ಪಟ್ಟಿ, ಬಾಗಿಲಿಗೆ ಬಿಜಾಗರಿ, ಸರಪಳಿ, ಒಲೆಗೆ ಬೇಕಾದ ಸಾಮಾನು, ಎಲ್ಲಕ್ಕೂ ಜನ ಬರೋದು ಇವನ ಹತ್ತಿರವೇ. ಬಂದವರು ಕೆಲಸ ಆಗೋವರೆಗೂ ನಿಂತು ಮಾತಾಡ್ತಾರೆ. ಯಾರ ಎತ್ತು ಕುಂಟುತ್ತಿದೆ, ಯಾರ ಹೊಲ ಇನ್ನೂ ಉಳುಮೆ ಆಗಿಲ್ಲ, ಯಾರು ಬೇಸತ್ತು ವಾಪಸ್ ಹೋಗೋ ಯೋಚನೆಯಲ್ಲಿದ್ದಾರೆ, ಎಲ್ಲ ಸುದ್ದಿಯೂ ಕುಲುಮೆಯ ಮುಂದೆಯೇ.

ಇವತ್ತು ನಾವು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಒಂದು ಗೂಗಲ್ ಫಾರ್ಮ್ ಮಾಡಿ, ಹಾಸ್ಟೆಲ್ ಗ್ರೂಪಿಗೆ ಹಾಕಿ, ಮೂವತ್ತು ಜನ ಟಿಕ್ ಮಾಡಿದರೆ ಸರ್ವೆ ಮುಗೀತು ಅಂತೀವಿ. ಡೀರ್‌ಗೆ ಸರ್ವೆ ಮಾಡುವ ಅಗತ್ಯವೇ ಇರಲಿಲ್ಲ. ತೊಂದರೆ ತಾನಾಗೇ ನಡೆದುಕೊಂಡು ಬಾಗಿಲಿಗೆ ಬರ್ತಿತ್ತು. ಮತ್ತೆ ಮತ್ತೆ ಬರುತ್ತಿದ್ದ ತೊಂದರೆ ಒಂದೇ: ಮಣ್ಣು.

ಅಂಟುವ ಮಣ್ಣು

ವರ್ಮಾಂಟ್‌ನ ಹೊಲಗಳ ಮಣ್ಣು ಹಗುರ, ಮರಳು ಮರಳು. ಅಲ್ಲಿ ಎರಕದ ಕಬ್ಬಿಣದ ನೇಗಿಲು ಸಾಕಾಗಿತ್ತು. ಪಶ್ಚಿಮಕ್ಕೆ ಬಂದವರು ಅದೇ ನೇಗಿಲನ್ನು ಹೊತ್ತು ತಂದಿದ್ದರು. ಇಲಿನಾಯ್‌ನ ಮಣ್ಣು ಬೇರೆ ಥರ. ಸಾವಿರಾರು ವರ್ಷ ಹುಲ್ಲು ಬೆಳೆದು ಕೊಳೆತು ಆದ ಕಪ್ಪು ಮಣ್ಣು, ಆಳವಾಗಿ, ಜಿಗುಟಾಗಿ ಇತ್ತು. ಮೊದಲ ಸಲ ಹುಲ್ಲಿನ ಬೇರುಗಳ ಹಾಸು ಕೀಳೋಕೆ ಭಾರೀ ನೇಗಿಲು, ಹಲವು ಜೋಡಿ ಎತ್ತು ಬೇಕಾಗ್ತಿತ್ತು. ಅಷ್ಟಾದ ಮೇಲೂ ಕಷ್ಟ ಮುಗೀತಿರಲಿಲ್ಲ. ಬೇರು ಕೊಳೆತು ಮಣ್ಣು ಸಡಿಲವಾದ ಮೇಲೆ ಉಳೋಕೆ ಹೋದರೆ ಅದು ನೇಗಿಲಿಗೆ ಮೆತ್ತಿಕೊಳ್ತಿತ್ತು. ಕೆಲವೇ ಹೆಜ್ಜೆ ಹೋಗೋದು, ನಿಲ್ಲೋದು, ಮರದ ತುಂಡಿನಿಂದ ಕೆರೆದು ಮಣ್ಣು ಬೀಳಿಸೋದು, ಮತ್ತೆ ಕೆಲವು ಹೆಜ್ಜೆ. ದಿನವಿಡೀ ಇದೇ. ಇಷ್ಟು ಫಲವತ್ತಾದ ನೆಲ ಇದ್ದೂ ಅದನ್ನು ಬಿಟ್ಟು ಹೋಗೋಣ ಅನ್ನಿಸುವಷ್ಟು ರೈತರು ರೋಸಿಹೋಗಿದ್ದರು.

ಇದನ್ನು ನಮ್ಮ ಭಾಷೆಯಲ್ಲಿ ಹೇಳೋಣ. ನೇಗಿಲಲ್ಲಿ ಎರಡು ಮುಖ್ಯ ಭಾಗ. ನೆಲ ಸೀಳುವ ಕುಳ ಒಂದು. ಸೀಳಿದ ಮಣ್ಣನ್ನು ಎತ್ತಿ ಮಗುಚಿ ಹಾಕುವ ಬಾಗಿದ ಹಲಗೆ ಇನ್ನೊಂದು. ಈ ಹಲಗೆಗೆ ಮೌಲ್ಡ್‌ಬೋರ್ಡ್ ಅಂತಾರೆ. ಮಣ್ಣು ಇದರ ಮೇಲೆ ಜಾರಿಕೊಂಡು ಹೋಗಬೇಕು. ಮಣ್ಣು ಮತ್ತು ಲೋಹದ ನಡುವಿನ ಹಿಡಿತ, ಮಣ್ಣು ಮಣ್ಣಿನ ನಡುವಿನ ಹಿಡಿತಕ್ಕಿಂತ ಕಡಿಮೆ ಇದ್ದರೆ ಮಣ್ಣು ಜಾರುತ್ತೆ. ಹೆಚ್ಚಾಯ್ತೋ, ಮಣ್ಣು ಒಳಗೊಳಗೇ ಹರಿದು ಒಂದು ಪದರ ಲೋಹಕ್ಕೆ ಅಂಟಿಕೊಂಡೇ ಉಳಿಯುತ್ತೆ. ಆ ಪದರದ ಮೇಲೆ ಇನ್ನೊಂದು ಪದರ. ಎರಕದ ಕಬ್ಬಿಣದ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ, ಎಷ್ಟು ಉಜ್ಜಿದರೂ ಪೂರಾ ನುಣುಪು ಬರಲ್ಲ. ಮರದ ಹಲಗೆಗೆ ಕಬ್ಬಿಣದ ಪಟ್ಟಿ ಹೊಡೆದ ನೇಗಿಲುಗಳ ಪಾಡಂತೂ ಕೇಳೋದೇ ಬೇಡ. ಗಟ್ಟಿಯಾದ, ಕನ್ನಡಿಯ ಹಾಗೆ ಹೊಳಪು ಹಿಡಿಯುವ ಸ್ಟೀಲ್ ಬೇಕಿತ್ತು. ಜೊತೆಗೆ ಮಣ್ಣಿನ ಒತ್ತಡ ಎಲ್ಲ ಕಡೆ ಸಮನಾಗಿ ಬೀಳುವ ಹಾಗೆ ಬಾಗು ಸರಿಯಾಗಿರಬೇಕಿತ್ತು.

ಮುರಿದ ಗರಗಸ

ಸ್ಟೀಲ್ ಬೇಕು ಸರಿ, ತರೋದು ಎಲ್ಲಿಂದ? 1837ರ ಆ ಹಳ್ಳಿಯಲ್ಲಿ ಸ್ಟೀಲ್ ತಗಡು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಮಿಲ್ಲಿನಲ್ಲಿ ಮುರಿದು ಬಿದ್ದಿದ್ದ ಒಂದು ಗರಗಸದ ಅಲಗು ಡೀರ್ ಕಣ್ಣಿಗೆ ಬಿತ್ತು. ಮರ ಕೊಯ್ದು ಕೊಯ್ದು ಅದರ ಮೈ ಆಗಲೇ ಹೊಳೀತಿತ್ತು. ಅದನ್ನು ಕೇಳಿ ತಂದು, ಹಲ್ಲು ಕತ್ತರಿಸಿ, ಕಾಸಿ, ಬಗ್ಗಿಸಿ ನೇಗಿಲಿಗೆ ಕೂರಿಸಿದ. ನದಿಯ ಆಚೆ ದಡದ ಹೊಲವೊಂದರಲ್ಲಿ ಅದನ್ನು ಹೂಡಿ ನೋಡಿದರು. ಮಣ್ಣು ಅಂಟಲಿಲ್ಲ. ನೇಗಿಲು ಉಳುತ್ತಾ ಹೋದ ಹಾಗೆ ತಾನೇ ತನ್ನ ಮೈ ಉಜ್ಜಿಕೊಂಡು ಇನ್ನಷ್ಟು ಹೊಳೆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಟೀಲ್ ನೇಗಿಲು ಮಾಡಿದವರಲ್ಲಿ ಜಾನ್ ಡೀರ್ ಮೊದಲಿಗನಲ್ಲ. ಅದೇ ಇಲಿನಾಯ್‌ನಲ್ಲಿ ಜಾನ್ ಲೇನ್ ಎಂಬ ಇನ್ನೊಬ್ಬ ಕಮ್ಮಾರ 1833ರಲ್ಲೇ ಹಳೇ ಗರಗಸದ ಸ್ಟೀಲ್ ಪಟ್ಟಿಗಳನ್ನು ಜೋಡಿಸಿ ನೇಗಿಲು ಮಾಡಿದ್ದ. ಆತ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1837ರ ತನ್ನ ನೇಗಿಲಿಗೆ ಡೀರ್ ಕೂಡ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಆತನ ಮೊದಲ ಪೇಟೆಂಟ್ ಬಂದದ್ದು 1864ರಲ್ಲಿ. ಹಾಗಾದ್ರೆ ಲೇನ್ ಹೆಸರು ನಮಗೆ ಗೊತ್ತಿಲ್ಲ, ಡೀರ್ ಹೆಸರು ಟ್ರ್ಯಾಕ್ಟರಿನ ಬಾನೆಟ್ ಮೇಲಿದೆ, ಯಾಕೆ?

ಉತ್ತರ ಇರೋದು ಮೊದಲ ನೇಗಿಲಲ್ಲಿ ಅಲ್ಲ, ಆಮೇಲಿನ ಹತ್ತು ವರ್ಷದಲ್ಲಿ. ಆಗೆಲ್ಲ ಕಮ್ಮಾರರು ಯಾರಾದರೂ ಬಂದು ಕೇಳಿದರೆ ಮಾತ್ರ ನೇಗಿಲು ಮಾಡಿಕೊಡ್ತಿದ್ದರು. ಡೀರ್ ಮೊದಲೇ ಮಾಡಿಟ್ಟು, ಗಾಡಿಯಲ್ಲಿ ಹಾಕಿಕೊಂಡು ಹಳ್ಳಿ ಹಳ್ಳಿಗೆ ಒಯ್ದು ಮಾರಿದ. ಮಾರಿ ಸುಮ್ಮನಾಗಲೂ ಇಲ್ಲ. ಯಾವ ಹೊಲದಲ್ಲಿ ಅಂಟಿತು, ಎಲ್ಲಿ ಬಾಗು ಸಾಲದಾಯ್ತು ಅಂತ ಕೇಳಿ ಮುಂದಿನ ನೇಗಿಲನ್ನು ತಿದ್ದಿದ. ಊರು ಚಿಕ್ಕದು, ನೇಗಿಲು ಕೆಟ್ಟರೆ ಕೊಂಡವನು ಭಾನುವಾರ ಚರ್ಚಿನಲ್ಲೇ ಎದುರಿಗೆ ಸಿಗ್ತಾನೆ. ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ. ಮುಂದೆ ಪಾಲುದಾರರಿಗೆ ಈ ಪದೇ ಪದೇ ತಿದ್ದುವ ಚಾಳಿ ತಲೆನೋವಾಯ್ತು. ಮಾಡಿದ್ದನ್ನೇ ಮಾಡಿದರೂ ಜನ ಕೊಳ್ತಾರೆ, ಯಾಕೆ ಬದಲಾಯಿಸ್ತೀಯ ಅನ್ನೋದು ಅವರ ವಾದ. ಡೀರ್ ಕೇಳಲಿಲ್ಲ.

1839ರಲ್ಲಿ ಸುಮಾರು 10 ನೇಗಿಲು, 1840ರಲ್ಲಿ 40, 1842ರಲ್ಲಿ 100. 1843ರಲ್ಲಿ ಆಂಡ್ರಸ್ ಪಾಲುದಾರನಾಗಿ ಸೇರಿಕೊಂಡ. ಇಷ್ಟು ನೇಗಿಲಿಗೆ ಮುರಿದ ಗರಗಸ ಎಲ್ಲಿಂದ ಸಾಲಬೇಕು? ಅದೇ ವರ್ಷ ಇಂಗ್ಲೆಂಡಿನಿಂದ ಸ್ಟೀಲ್ ತರಿಸಿದರು. ಅಟ್ಲಾಂಟಿಕ್ ದಾಟಿ, ಮಿಸಿಸಿಪ್ಪಿ ಮತ್ತು ಇಲಿನಾಯ್ ನದಿಗಳಲ್ಲಿ ಮೇಲೇರಿ, ಕೊನೆಗೆ ಗಾಡಿಯಲ್ಲಿ ಗ್ರ್ಯಾಂಡ್ ಡಿಟೂರ್‌ಗೆ ಬಂದು ಸೇರಿತು. 1846ರಲ್ಲಿ ಪಿಟ್ಸ್‌ಬರ್ಗ್‌ನ ಗಿರಣಿಯೊಂದು ನೇಗಿಲಿಗೆ ಅಂತಲೇ ಸ್ಟೀಲ್ ಮಾಡಿಕೊಟ್ಟಿತು. ಹಳ್ಳಿಯ ಕುಲುಮೆಗೆ ಈಗ ಸಾವಿರಾರು ಮೈಲಿ ಉದ್ದದ ಸಪ್ಲೈ ಚೈನ್.

ಊರು ಬಿಟ್ಟದ್ದು

ಅಲ್ಲೇ ಸಮಸ್ಯೆ ಶುರುವಾಗಿದ್ದು. ನದಿ ತಿರುವಿನ ಊರು ಬದುಕೋಕೆ ಚೆಂದ, ಸರಕು ಸಾಗಿಸೋಕೆ ಅಲ್ಲ. ಸ್ಟೀಲ್, ಕಲ್ಲಿದ್ದಲು ಒಳಗೆ ಬರಬೇಕು, ನೇಗಿಲು ಹೊರಗೆ ಹೋಗಬೇಕು; ಎರಡೂ ಗಾಡಿಯ ಮೇಲೆಯೇ ಆಗಬೇಕು. 1848ರಲ್ಲಿ ಡೀರ್ ಆಂಡ್ರಸ್ ಜೊತೆಗಿನ ಪಾಲುದಾರಿಕೆ ಮುಗಿಸಿ, ಮಿಸಿಸಿಪ್ಪಿ ದಡದ ಮೊಲೀನ್ ಎಂಬ ಊರಿಗೆ ಹೊರಟ. ಅಲ್ಲಿ ನೀರಿನ ಶಕ್ತಿ ಇತ್ತು, ಮನೆ ಬಾಗಿಲಿಗೇ ಸ್ಟೀಮರ್ ಬರ್ತಿತ್ತು. ಮರುವರ್ಷವೇ ಸುಮಾರು 16 ಜನ ಕೆಲಸಗಾರರು ಸೇರಿ 2,136 ನೇಗಿಲು ಮಾಡಿದರು.

ಲೆಕ್ಕದ ದೃಷ್ಟಿಯಿಂದ ನಿರ್ಧಾರ ಸರಿಯೇ. ಆದರೆ ಗ್ರ್ಯಾಂಡ್ ಡಿಟೂರ್ ಏನಾಯ್ತು? ಆಂಡ್ರಸ್ ಅಲ್ಲೇ ಉಳಿದು ನೇಗಿಲು ಮಾಡಿಸ್ತಾ ಇದ್ದ. 1850ರ ದಶಕದಲ್ಲಿ ರೈಲು ಬಂತು, ಆದರೆ ಹತ್ತಿರದ ಡಿಕ್ಸನ್ ಊರಿಗೆ ಹೋಯ್ತು, ಗ್ರ್ಯಾಂಡ್ ಡಿಟೂರ್‌ಗೆ ಬರಲಿಲ್ಲ. 1869ರಲ್ಲಿ ಆ ನೇಗಿಲ ಕಾರ್ಖಾನೆಯೂ ಡಿಕ್ಸನ್‌ಗೆ ಹೋಯ್ತು. ಹಳ್ಳಿ ಹಳ್ಳಿಯಾಗಿಯೇ ಉಳಿಯಿತು.

ಮೊಲೀನ್‌ನಲ್ಲಿ ಡೀರ್ ಬದುಕೂ ಬರೀ ಏರುಮುಖವೇನಲ್ಲ. 1857ರ ಆರ್ಥಿಕ ಕುಸಿತದಲ್ಲಿ ಮತ್ತೆ ಸಾಲದ ಭೂತ ಎದುರಾಯ್ತು. ಆಸ್ತಿ ಕೈತಪ್ಪದಿರಲಿ ಅಂತ ಮರುವರ್ಷ ವ್ಯವಹಾರವನ್ನು ಮಗ ಚಾರ್ಲ್ಸ್ ಕೈಗೆ ಕೊಟ್ಟ. ಚಾರ್ಲ್ಸ್‌ಗೆ ಆಗ 21 ವರ್ಷ, ನಮ್ಮ ಫೈನಲ್ ಇಯರ್ ವಯಸ್ಸು. ಅಪ್ಪ ಊರು ಬಿಟ್ಟು ಹೋಗಿದ್ದಾಗ ಹುಟ್ಟಿದ ಆ ಮಗನೇ ಮುಂದೆ 1907ರಲ್ಲಿ ತೀರಿಕೊಳ್ಳುವ ತನಕ ಕಂಪನಿ ನಡೆಸಿದ. ಅಪ್ಪ ಕಬ್ಬಿಣ ಬಲ್ಲವನು, ಮಗ ಲೆಕ್ಕ ಬಲ್ಲವನು. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಕಂಪನಿ ಉಳೀತಿರಲಿಲ್ಲ ಅನ್ನಿಸುತ್ತೆ. 1868ರಲ್ಲಿ ಅದು ಡೀರ್ ಅಂಡ್ ಕಂಪನಿ ಅಂತ ನೋಂದಣಿ ಆಯ್ತು.

ಆ ಹೊತ್ತಿಗೆ ಒಂದು ಕೇಸೂ ನಡೀತಿತ್ತು. ಅದೇ ಊರಿನ ಇನ್ನೊಂದು ಕಂಪನಿ ಮೊಲೀನ್ ನೇಗಿಲು ಅನ್ನೋ ಹೆಸರಲ್ಲಿ ಮಾರಾಟ ಶುರು ಮಾಡಿತು. ಆ ಹೆಸರನ್ನು ಜನಪ್ರಿಯ ಮಾಡಿದ್ದು ನಾವು ಅಂತ ಡೀರ್ ಕಡೆಯವರು 1867ರಲ್ಲಿ ಕೋರ್ಟಿಗೆ ಹೋದರು. ಇಲಿನಾಯ್ ಸುಪ್ರೀಂ ಕೋರ್ಟ್ 1871ರಲ್ಲಿ ಡೀರ್ ವಿರುದ್ಧ ತೀರ್ಪು ಕೊಟ್ಟಿತು. ಮೊಲೀನ್ ಅನ್ನೋದು ಊರಿನ ಹೆಸರು. ಊರಿನ ಹೆಸರು ಆ ಊರಲ್ಲಿ ನೇಗಿಲು ಮಾಡುವ ಎಲ್ಲರದೂ. ಎರಡು ವರ್ಷದ ನಂತರ, 1873ರಲ್ಲಿ, ಆ ಊರಿನ ಜನ ಅದೇ ಡೀರ್‌ನನ್ನು ಮೇಯರ್ ಮಾಡಿದರು. ಡಿಮೇರಿಯಸ್ 1865ರಲ್ಲೇ ತೀರಿಕೊಂಡಿದ್ದಳು. ಆಮೇಲೆ ಡೀರ್ ಆಕೆಯ ತಂಗಿ ಲುಸೀನಿಯಾಳನ್ನು ಮದುವೆಯಾಗಿದ್ದ. 1886ರ ಮೇ 17ರಂದು, 82ನೇ ವಯಸ್ಸಿನಲ್ಲಿ, ಮೊಲೀನ್‌ನ ತನ್ನ ಮನೆಯಲ್ಲಿ ಜಾನ್ ಡೀರ್ ಕಣ್ಣು ಮುಚ್ಚಿದ.

ನೇಗಿಲು ಅಳಿಸಿದ್ದು

ಇಷ್ಟಕ್ಕೇ ನಿಲ್ಲಿಸಿದರೆ ಇದು ಮೋಟಿವೇಶನ್ ಭಾಷಣ ಆಗುತ್ತೆ. ಆದರೆ ಡೀರ್ ಬಂದ ನೆಲ ಖಾಲಿ ನೆಲ ಆಗಿರಲಿಲ್ಲ. ರಾಕ್ ನದಿಯ ಕಣಿವೆಯಲ್ಲಿ ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿಗಳು ಬದುಕಿದ್ದರು, ಜೋಳ ಬೆಳೀತಿದ್ದರು. ಸಾಕ್ ಜನರ ದೊಡ್ಡ ಊರು ಸಾಕನುಕ್ ಇದ್ದದ್ದು ಆ ನದಿ ಮಿಸಿಸಿಪ್ಪಿ ಸೇರುವ ಕಡೆ, ಮುಂದೆ ಮೊಲೀನ್ ಬೆಳೆದ ಜಾಗದ ಹತ್ತಿರವೇ. ಅವರನ್ನು ಅಲ್ಲಿಂದ ಎಬ್ಬಿಸಿ ಮಿಸಿಸಿಪ್ಪಿಯ ಆಚೆ ಕಳಿಸಲಾಯ್ತು. 1832ರಲ್ಲಿ ಬ್ಲ್ಯಾಕ್ ಹಾಕ್ ಎಂಬ ಮುಖಂಡ ಹೆಂಗಸರು ಮಕ್ಕಳು ಸೇರಿ ಸಾವಿರಕ್ಕೂ ಹೆಚ್ಚು ಜನರ ಜೊತೆ ವಾಪಸ್ ಬಂದಾಗ ಸೈನ್ಯ ಬೆನ್ನಟ್ಟಿತು. ಅವರಲ್ಲಿ ಬಹಳಷ್ಟು ಜನ ಸತ್ತರು. ಆ ಯುದ್ಧಕ್ಕೆ ಸ್ವಯಂಸೇವಕನಾಗಿ ಸೇರಿ ರಾಕ್ ನದಿಯ ಡಿಕ್ಸನ್‌ಗೆ ಬಂದವರಲ್ಲಿ 23 ವರ್ಷದ ಅಬ್ರಹಾಂ ಲಿಂಕನ್ ಒಬ್ಬ. ಅದಾಗಿ ನಾಲ್ಕೇ ವರ್ಷಕ್ಕೆ ಡೀರ್ ಕುಲುಮೆ ಹೂಡಿದ್ದು. ಚೆಂದದ ಹಳ್ಳಿ ಅಂತ ನಾವು ಹೇಳುವ ಊರಿನ ಅಡಿಪಾಯದಲ್ಲಿ ಇದೂ ಇದೆ.

ಹುಲ್ಲುಗಾವಲಿನ ಕಥೆಯೂ ಅಷ್ಟೇ. ಒಂದು ಕಾಲಕ್ಕೆ ಇಲಿನಾಯ್‌ನಲ್ಲಿ ಸುಮಾರು 2.2 ಕೋಟಿ ಎಕರೆ ಹುಲ್ಲುಗಾವಲು ಇತ್ತು. ಇವತ್ತು ಮೂಲ ಸ್ಥಿತಿಯಲ್ಲಿ ಉಳಿದಿರೋದು ಸುಮಾರು 2,500 ಎಕರೆ, ಹೆಚ್ಚುಕಮ್ಮಿ ಒಂಬತ್ತು ಸಾವಿರದಲ್ಲಿ ಒಂದು ಪಾಲು. ನೇಗಿಲೊಂದೇ ಕಾರಣ ಅಲ್ಲ. ನೀರು ಬಸಿಯುವ ಕಾಲುವೆ, ರೈಲು, ಮಾರುಕಟ್ಟೆ ಎಲ್ಲ ಸೇರಿವೆ. ಆ ನೆಲ ಕೋಟ್ಯಂತರ ಜನರಿಗೆ ಅನ್ನ ಕೊಟ್ಟದ್ದೂ ನಿಜ. ಇಲಿನಾಯ್‌ಗೆ ಇವತ್ತಿಗೂ ಹುಲ್ಲುಗಾವಲಿನ ರಾಜ್ಯ ಅನ್ನೋ ಅಡ್ಡಹೆಸರು ಇದೆ. ಹುಲ್ಲುಗಾವಲು ಇಲ್ಲ. ಒಳ್ಳೆ ಡಿಸೈನ್ ಅಂದ್ರೆ ಕೆಲಸ ಚೆನ್ನಾಗಿ ಮಾಡೋದು. ಯಾವ ಕೆಲಸ, ಎಷ್ಟರ ಮಟ್ಟಿಗೆ ಅನ್ನೋ ಪ್ರಶ್ನೆಯನ್ನು ಡಿಸೈನ್ ತಾನಾಗಿ ಕೇಳಿಕೊಳ್ಳಲ್ಲ.

ಇನ್ನೊಂದು ವಿಷಯ. ಡೀರ್ ಮಾಡಿದ ನೇಗಿಲು ಕೆಟ್ಟರೆ ಯಾವ ಊರಿನ ಕಮ್ಮಾರ ಬೇಕಾದರೂ ಬಿಚ್ಚಿ ಸರಿ ಮಾಡಬಹುದಿತ್ತು. ಈಗಿನ ಯಂತ್ರಗಳಲ್ಲಿ ಸಾಫ್ಟ್‌ವೇರ್ ಇದೆ. ರಿಪೇರಿಗೆ ಬೇಕಾದ ಪೂರ್ತಿ ಸಾಫ್ಟ್‌ವೇರ್ ಅಧಿಕೃತ ಡೀಲರ್‌ಗಳಿಗೆ ಮಾತ್ರ ಸಿಗುತ್ತೆ, ನಮಗೂ ಊರಿನ ಮೆಕ್ಯಾನಿಕ್‌ಗೂ ಸಿಗಲ್ಲ ಅನ್ನೋದು ಅಮೆರಿಕದ ಎಷ್ಟೋ ರೈತರ ದೂರು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ ಡೀರ್ ಕಂಪನಿ ಮೇಲೆ ಕೇಸು ಹಾಕಿತು. ಕೇಸು ಹಾಕುವಾಗ ಜೊತೆಗೂಡಿದ ರಾಜ್ಯಗಳಲ್ಲಿ ಇಲಿನಾಯ್ ಕೂಡ ಒಂದು.

ಗ್ರ್ಯಾಂಡ್ ಡಿಟೂರ್ ಈಗಲೂ ಇದೆ. ಜನಸಂಖ್ಯೆ ಸುಮಾರು ನಾನ್ನೂರು. 1962ರಲ್ಲಿ ಅಲ್ಲಿ ನೆಲ ಅಗೆದ ಪುರಾತತ್ವ ತಂಡಕ್ಕೆ ಡೀರ್ ಕುಲುಮೆಯ ಜಾಗ ಸಿಕ್ಕಿತು. ಈಗ ಅದರ ಮೇಲೆ ಒಂದು ಕಟ್ಟಡ ಕಟ್ಟಿ ಕಾಪಾಡಿದ್ದಾರೆ. ಪಕ್ಕದಲ್ಲೇ ಆತನ ಮನೆ. ಕುಲುಮೆಗೂ ಮನೆಗೂ ನಡುವೆ ಕೆಲವೇ ಹೆಜ್ಜೆ, ಊರಿನ ದಾರಿಗೂ ಅಷ್ಟೇ. ನೇಗಿಲು ಕೆಟ್ಟವನು ಆ ದಾರಿಯಲ್ಲೇ ಬಂದು ಬಾಗಿಲಲ್ಲಿ ನಿಂತು ಕೂಗಿದರೆ ಒಳಗಿದ್ದವನಿಗೆ ಕೇಳಿಸುವಷ್ಟು ಹತ್ತಿರ.